ಹೊಲಿಗೆ ಬಿಚ್ಚಿದರೆ ಮುಗಿಯಿತೇ?

"ಹೊಲಿಗೆ ಬಿಚ್ಚಿದ್ರು, ಗಾಯ ಒಣಗ್ತು, ಇನ್ನೇನು ಚಿಂತೆ?" ಹೊಟ್ಟೆ ಆಪರೇಷನ್ ಆದವರ ಮನೆಯಲ್ಲಿ ಕೇಳುವ ಮಾತಿದು. ಚಿಂತೆ ಇದೆ ಸ್ವಾಮಿ. ಹೊರಗಿನ ಗಾಯ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ.

ನಮ್ಮ ಕರುಳುಗಳ ಮೇಲೆ ನುಣುಪಾದ ತೆಳು ಪೊರೆಯಿದೆ. ಅದರಿಂದಲೇ ಅವು ಒಂದಕ್ಕೊಂದು ಅಂಟದೆ ಜಾರಾಡುತ್ತವೆ. ಆಪರೇಷನ್ನಿನಲ್ಲಿ ಕತ್ತರಿ, ಕೈ, ಬಟ್ಟೆ ತಾಗಿ ಪೊರೆ ತರಚಿದರೆ, ರಕ್ತದಲ್ಲಿನ ಫೈಬ್ರಿನ್ ಎಂಬ ಅಂಟು ಕೆಲವೇ ತಾಸಿನಲ್ಲಿ ಅಲ್ಲಿ ಕೂಡುತ್ತದೆ. ದೇಹ ಅದನ್ನು ಕರಗಿಸಿದರೆ ಬಚಾವು. ಕರಗದೆ ಉಳಿದರೆ ಅದೇ ನಾರಾಗಿ, ಕರುಳನ್ನು ಕರುಳಿಗೋ ಹೊಟ್ಟೆಯ ಗೋಡೆಗೋ ಬೆಸೆಯುತ್ತದೆ. ಡಾಕ್ಟರುಗಳು ಇದನ್ನು ಅಡ್ಹೀಷನ್ ಎನ್ನುತ್ತಾರೆ. ನಾವು ಒಳ ಅಂಟು ಎನ್ನೋಣ.

ಹೊಟ್ಟೆ ತೆರೆದು ಆಪರೇಷನ್ ಆದ ಬಹುಪಾಲು ಮಂದಿಗೆ ಅಷ್ಟಿಷ್ಟು ಒಳ ಅಂಟು ಇದ್ದೇ ಇರುತ್ತದೆ. ಹೆಚ್ಚಿನವರಿಗೆ ಅದರ ಸುಳಿವೇ ಹತ್ತುವುದಿಲ್ಲ. ಕೆಲವರಿಗೆ ಮಾತ್ರ ಹೊಟ್ಟೆನೋವು, ಕೆಲವು ಹೆಂಗಸರಿಗೆ ಬಂಜೆತನ, ಇನ್ನು ಕೆಲವರಿಗೆ ಜೀವಕ್ಕೇ ಎರವಾಗುವ ಕರುಳು ತೊಡಕು. ಸ್ಕಾಟ್ಲೆಂಡಿನಲ್ಲಿ 1986ರಲ್ಲಿ ಹೊಟ್ಟೆ ಅಥವಾ ಕಿಬ್ಬೊಟ್ಟೆ ತೆರೆದು ಆಪರೇಷನ್ ಆದ 29,790 ಮಂದಿಯ ದಾಖಲೆಯನ್ನು ಹತ್ತು ವರ್ಷದವರೆಗೆ ನೋಡಲಾಯಿತು. ಮೂವರಲ್ಲಿ ಒಬ್ಬರು ಒಳ ಅಂಟಿಗೆ ಸಂಬಂಧಪಟ್ಟ, ಅಥವಾ ಸಂಬಂಧ ಇರಬಹುದಾದ ಕಾರಣಕ್ಕೆ ಸರಾಸರಿ ಎರಡು ಸಲ ಮತ್ತೆ ಆಸ್ಪತ್ರೆ ಸೇರಿದ್ದರು.

ತಡೆಯೋದು ಹೇಗೆ? ಮೊದಲನೆಯ ಉಪಾಯ, ಬೇಡದ ಆಪರೇಷನ್ ಬೇಡ ಎನ್ನುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆ ಸಿಸೇರಿಯನ್. ತಾಯಿ-ಮಗುವಿನ ಜೀವ ಉಳಿಸುವ ಸಿಸೇರಿಯನ್ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆ ಮುಹೂರ್ತಕ್ಕೆಂದು ಹೊಟ್ಟೆ ಕೊಯ್ಯಿಸುವುದು ಯಾವ ನ್ಯಾಯ? ಸಣ್ಣಪುಟ್ಟ ಬಿಳಿಸೆರಗಿಗೆಲ್ಲ ಗರ್ಭಕೋಶ ತೆಗೆಸುವ ಚಾಳಿಯೂ ಅಷ್ಟೇ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಎರಡನೆಯದು ಸರ್ಜನ್ನರ ಕೈಯಲ್ಲಿದೆ. ಕರುಳನ್ನು ಹಗುರವಾಗಿ ಮುಟ್ಟುವುದು, ಒಣಗಗೊಡದೆ ತೇವವಿಡುವುದು, ರಕ್ತ ನಿಲ್ಲಗೊಡದಿರುವುದು, ಸೋಂಕು ತಡೆಯುವುದು. ಗ್ಲೋವ್ಸಿನ ಪುಡಿಯೂ ಒಳ ಅಂಟಿಗೆ ಕಾರಣವಾಗುತ್ತದೆ. ಪುಡಿ ಹಚ್ಚಿದ ಗ್ಲೋವ್ಸನ್ನು ಅಮೆರಿಕ 2017ರ ಜನವರಿಯಿಂದ ನಿಷೇಧಿಸಿದೆ. ಸಣ್ಣ ತೂತಿನ ಲ್ಯಾಪರೋಸ್ಕೋಪಿಯಲ್ಲಿ ಅಂಟು ಸಾಮಾನ್ಯವಾಗಿ ಕಡಿಮೆ. ಗಾಯ ಮಾಗುವ ತನಕ ಮಧ್ಯೆ ಅಡ್ಡವಾಗಿದ್ದು, ಆಮೇಲೆ ತಾನೇ ಕರಗುವ ತೆಳು ಹಾಳೆಗಳೂ ಇವೆ. ಆದರೆ ಬೆಲೆ ಹೆಚ್ಚು, ಎಲ್ಲರಿಗೂ ಒಗ್ಗುವಂಥದ್ದೂ ಅಲ್ಲ.

ಮೂರನೆಯದು ನಮ್ಮ ಪಾಲು. ಆಪರೇಷನ್ನಿಗೆ ಮುಂಚೆಯೇ ಕೇಳಿ: "ಡಾಕ್ಟ್ರೇ, ಇದು ಬೇಕೇ ಬೇಕಾ? ತೂತಿನಲ್ಲೇ ಆಗುತ್ತಾ? ಅಂಟು ತಡೆಯೋಕೆ ಏನ್ ಮಾಡ್ತೀರಿ?" ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಜೋಪಾನ ಮಾಡಿ. ಮುಂದೆ ಹೊಟ್ಟೆ ಮುಟ್ಟುವ ಪ್ರತಿ ಡಾಕ್ಟರಿಗೂ ತೋರಿಸಿ. ಆಪರೇಷನ್ ಆದಮೇಲೆ ಅವರು ಹೇಳಿದಂತೆ ಬೇಗ ಎದ್ದು ಓಡಾಡಿ. ಕರುಳು ಚುರುಕಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ. ಆದರೆ ಒಳ ಅಂಟನ್ನು ಕರಗಿಸುತ್ತೇವೆ ಎನ್ನುವ ಮಾತ್ರೆ, ಕಷಾಯಗಳಿಗೆ ದುಡ್ಡು ಸುರಿಯಬೇಡಿ. ಒಮ್ಮೆ ಗಟ್ಟಿಯಾದ ಅಂಟು ಅವುಗಳಿಂದ ಕರಗುವುದಿಲ್ಲ. ಬಿಡಿಸಲು ಮತ್ತೆ ಕೊಯ್ದರೆ ಹೊಸ ಅಂಟು ಹುಟ್ಟಬಹುದು.

ಕೊನೆಯ ಮಾತನ್ನು ಮನೆಮಂದಿಗೆಲ್ಲ ಹೇಳಿಡಿ. ಎಂದೋ ಹೊಟ್ಟೆ ಆಪರೇಷನ್ ಆದವರಿಗೆ, ಇಪ್ಪತ್ತು ವರ್ಷ ಕಳೆದಿದ್ದರೂ ಸರಿ, ಬಿಟ್ಟು ಬಿಟ್ಟು ಹಿಂಡುವ ನೋವು, ಹೊಟ್ಟೆಯುಬ್ಬರ, ವಾಂತಿ ಬಂದು, ಮಲವೂ ಗಾಳಿಯೂ ಹೋಗದಿದ್ದರೆ ಅದು ಗ್ಯಾಸಲ್ಲ. ಸೋಡಾ ಕುಡಿಸಬೇಡಿ, ಹರಳೆಣ್ಣೆ ಕೊಡಬೇಡಿ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ನೋಡೋಣ ಎನ್ನಲೂಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಕರುಳಿಗೆ ರಕ್ತ ನಿಂತರೆ, ಕಳೆದ ಒಂದೊಂದು ತಾಸಿಗೂ ಬೆಲೆ ತೆರಬೇಕಾಗುತ್ತದೆ.