ಒಂದೇ ಫುಟ್‌ಬಾಲ್, ಹಲವು ಪೆಟ್ಟಿಗೆ!



ಕ್ರಿಕೆಟ್ ಎಲ್ಲಾ ಕಡೆ ಒಂದೇ ಅಂತೀವಿ. ನಿಜವಾಗ್ಲೂ ಒಂದೇನಾ? ಚನ್ನಗಿರಿ ಕಡೆ ಅಡಿಕೆ ತೋಟದ ಪಕ್ಕ ಆಡುವವರು ಚೆಂಡು ಬೇಲಿ ದಾಟಿದರೆ ಔಟು ಅಂತ ಮಾಡಿಕೊಳ್ಳಬೇಕಾಗುತ್ತೆ. ಹೊನ್ನಾಳಿಯ ಹೊಳೆ ಮರಳಿನಲ್ಲಿ ಚೆಂಡು ಪುಟಿಯೋದೇ ಇಲ್ಲ, ಎತ್ತರಕ್ಕೇ ಎಸೆಯಬೇಕು. ನ್ಯಾಮತಿಯ ಓಣಿಯಲ್ಲಾದರೆ ಗೋಡೆಗೆ ಬಡಿದರೆ ಎಷ್ಟು ರನ್ನು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಜಗಳೂರು ಕಡೆ ಬೆಳೆ ಕೊಯ್ದ ಬಯಲಲ್ಲಿ ಓಡಿದಷ್ಟೂ ರನ್ನು! ಆಟ ಒಂದೇ, ಜಾಗ ನೋಡಿ ನಿಯಮ ಬದಲು.

ವಿಡಿಯೋ ಗೇಮಿನ ಲೋಕದಲ್ಲೂ ಹೀಗೇ ನಡೆದಿದೆ. ಅದರ ಕಥೆ ಈಗ ತಿಳಿಯೋಣ.

ಆಟ ಯಾವುದು?

ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಕಂಪನಿ 1993ರ ಕೊನೆಯಲ್ಲಿ 'ಫಿಫಾ ಇಂಟರ್‌ನ್ಯಾಷನಲ್ ಸಾಕರ್' ಎಂಬ ಆಟವನ್ನು ಹೊರತಂದಿತು. ಮೊದಲು ಬಂದದ್ದು ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಪೆಟ್ಟಿಗೆಗೆ. ಆಮೇಲೆ ಸೂಪರ್ ನಿಂಟೆಂಡೊ, ಮಾಸ್ಟರ್ ಸಿಸ್ಟಮ್, ಕೈಯಲ್ಲೇ ಹಿಡಿದು ಆಡುವ ಗೇಮ್ ಬಾಯ್, ಗೇಮ್ ಗೇರ್, ಸಿ.ಡಿ. ಹಾಕುವ 3ಡಿಓ, ಅಮಿಗಾ ಕಂಪ್ಯೂಟರ್, ಡಾಸ್ ಕಂಪ್ಯೂಟರ್ ಹೀಗೆ ಒಂದೊಂದಕ್ಕೂ ಬಂತು. ಹೆಸರು ಒಂದೇ. ಆದರೆ ಒಂದಕ್ಕೆ ಮಾಡಿದ್ದನ್ನು ಹಾಗೇ ಎತ್ತಿ ಇನ್ನೊಂದಕ್ಕೆ ಹಾಕುವ ಹಾಗಿರಲಿಲ್ಲ. ಯಾಕೆ?

ಪುಸ್ತಕ ಮತ್ತು ಸ್ಲೇಟು

ಆಗಿನ ಹೆಚ್ಚಿನ ಪೆಟ್ಟಿಗೆಗಳಲ್ಲಿ ಆಟ ಇರುತ್ತಿದ್ದುದು ಕಾರ್ಟ್ರಿಡ್ಜ್ ಒಳಗೆ. ನಮ್ಮ ಕಡೆ ಅದನ್ನು 'ಕ್ಯಾಸೆಟ್' ಅಂತಲೇ ಕರೆಯುತ್ತಿದ್ದರು. ಇದನ್ನು ಪಠ್ಯಪುಸ್ತಕ ಅಂದುಕೊಳ್ಳಿ. ಅದರಲ್ಲಿ ಬರೆದದ್ದು ಅಳಿಯೋದಿಲ್ಲ. ಪೆಟ್ಟಿಗೆಯ ಒಳಗೆ ರ್‍ಯಾಮ್ ಇರುತ್ತೆ, ಅದು ಸ್ಲೇಟು. ಚೆಂಡು ಎಲ್ಲಿದೆ, ಯಾರು ಯಾವ ಕಡೆ ಓಡುತ್ತಿದ್ದಾರೆ, ಸ್ಕೋರ್ ಎಷ್ಟು, ಇದನ್ನೆಲ್ಲ ಯಂತ್ರ ಸ್ಲೇಟಿನ ಮೇಲೆ ಬರೆದು ಅಳಿಸುತ್ತಾ ಇರುತ್ತೆ. ಟಿ.ವಿ. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಸಲ ಪರದೆ ತುಂಬುತ್ತೆ. ಆ ವೇಗಕ್ಕೆ ತಕ್ಕಂತೆ 22 ಆಟಗಾರರ ಲೆಕ್ಕವೂ ಮುಗಿಯಬೇಕು!

ಮೆಗಾ ಡ್ರೈವಿನ ಸ್ಲೇಟು 64 ಕಿಲೋಬೈಟ್. ಮಾಸ್ಟರ್ ಸಿಸ್ಟಮ್ ಮತ್ತು ಗೇಮ್ ಬಾಯ್‌ನದು ಬರೀ 8 ಕಿಲೋಬೈಟ್, ಅಂದರೆ ಎಂಟನೇ ಒಂದು ಪಾಲು. ಸೂಪರ್ ನಿಂಟೆಂಡೊದ್ದು 128. ಇವತ್ತಿನ 4 ಗಿಗಾಬೈಟ್ ರ್‍ಯಾಮ್ ಇರುವ ಒಂದು ಮೊಬೈಲಿನಲ್ಲಿ ಮೆಗಾ ಡ್ರೈವಿನಂಥ 65,536 ಸ್ಲೇಟು ಹಿಡಿಸುತ್ತವೆ. ಲೆಕ್ಕದ ಮೇಷ್ಟ್ರನ್ನು ಕೇಳಿ, ಎರಡರ ಘಾತದಲ್ಲಿ ತೋರಿಸಿಕೊಡ್ತಾರೆ.

ಗುಂಡಿಗಳ ಕಷ್ಟ

ಸೂಪರ್ ನಿಂಟೆಂಡೊದಲ್ಲಿ ಆಡಲು ಆರು ಗುಂಡಿ. ಮೆಗಾ ಡ್ರೈವಿನ ಮೊದಲ ಹಿಡಿಕೆಯಲ್ಲಿ ಮೂರು. ಗೇಮ್ ಬಾಯ್‌ನಲ್ಲಿ ಎರಡೇ. ಅಮಿಗಾದ ಜಾಯ್‌ಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು! ಪಾಸು ಕೊಡಬೇಕು, ಗೋಲಿಗೆ ಒದೆಯಬೇಕು, ಎದುರಾಳಿಯಿಂದ ಚೆಂಡು ಕಸಿಯಬೇಕು. ಒಂದೇ ಗುಂಡಿಯಲ್ಲಿ ಹೇಗಪ್ಪಾ? ಇದಕ್ಕೆ 1992ರ 'ಸೆನ್ಸಿಬಲ್ ಸಾಕರ್' ಎಂಬ ಇನ್ನೊಂದು ಆಟ ಒಳ್ಳೇ ಉಪಾಯ ತೋರಿಸಿತ್ತು. ಗುಂಡಿಯನ್ನು ಚಕ್ಕನೆ ಒತ್ತಿ ಬಿಟ್ಟರೆ ಪಾಸು, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಜೋರು ಒದೆತ. ಇದ್ದುದರಲ್ಲೇ ಸಂಸಾರ ಅಂದ್ರೆ ಇದೇ ಅಲ್ವಾ?

ಓರೆ ಮೈದಾನ

ಸೆನ್ಸಿಬಲ್ ಸಾಕರ್‌ನಲ್ಲಿ ಮೈದಾನ ಕಾಣುತ್ತಿದ್ದುದು ತೆಂಗಿನಮರ ಹತ್ತಿ ಕೆಳಗೆ ನೋಡಿದ ಹಾಗೆ. ಫಿಫಾದವರು ಮೈದಾನವನ್ನು ಓರೆ ಮಾಡಿದರು. ಚೌಕದ ರಂಗೋಲಿಯನ್ನು ಮೂಲೆಯಿಂದ ನೋಡಿದರೆ ಕಾಣುತ್ತಲ್ಲ, ಹಾಗೆ. ಚಿತ್ರ ಚಪ್ಪಟೆಯೇ ಆದರೂ ಕಣ್ಣಿಗೆ ಆಳ ಇದ್ದಂತೆ ತೋರುತ್ತೆ. ಇಂಥ ಆಟಗಳಲ್ಲಿ ಮೇಲೆ ಹಾರಿದ ಚೆಂಡು ಎಲ್ಲಿ ಬೀಳುತ್ತೆ ಅಂತ ತಿಳಿಯಲು ಒಂದು ಗುಟ್ಟಿದೆ: ಚೆಂಡನ್ನು ನೋಡಬೇಡಿ, ನೆರಳನ್ನು ನೋಡಿ! ನೆರಳು ನೆಲದ ಮೇಲೇ ಇರುತ್ತೆ. ಎರಡರ ನಡುವಿನ ದೂರವೇ ಚೆಂಡಿನ ಎತ್ತರ.

3ಡಿಓ ಯಂತ್ರಕ್ಕೆ ಸಿ.ಡಿ. ಇತ್ತು. ಒಂದು ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್ ಹಿಡಿಯುತ್ತೆ. ಯಂತ್ರದ ಬಲವೂ ಜಾಸ್ತಿ. ಅದಕ್ಕೇ ಆ ಪೆಟ್ಟಿಗೆಯಲ್ಲಿ ಮೈದಾನವನ್ನು ಬೇರೆ ಬೇರೆ ಕೋನದಿಂದ ನೋಡಬಹುದಿತ್ತು. ಗೇಮ್ ಬಾಯ್ ಪರದೆಯಲ್ಲಿ ಇದ್ದುದು ನಾಲ್ಕೇ ಛಾಯೆ. ಎರಡು ತಂಡದ ಅಂಗಿಯ ಬಣ್ಣ ಬೇರೆ ಮಾಡೋದೇ ಒಂದು ಸಾಹಸ!

ಒಂದು ತಮಾಷೆ

ಮೆಗಾ ಡ್ರೈವ್ ಆಟದಲ್ಲಿ ಫೌಲ್ ಮಾಡಿದ ಆಟಗಾರನ ಹತ್ತಿರ ರೆಫ್ರಿ ಕಾರ್ಡು ಹಿಡಿದು ಓಡಿ ಬರುತ್ತಾನೆ. ಆಟಗಾರ ಸಿಗದ ಹಾಗೆ ಮೈದಾನ ಪೂರ್ತಿ ಓಡುತ್ತಾ ಇರಬಹುದಿತ್ತು! ಆಡುವವರಿಗೆ ಈ ಓಟವೇ ಇನ್ನೊಂದು ಆಟವಾಯಿತು. ನಮ್ಮ ಪಿ.ಇ. ಮೇಷ್ಟ್ರ ಹತ್ರ ಈ ಆಟ ನಡೆಯಲ್ಲ ಬಿಡಿ.

ಪೆಟ್ಟಿಗೆಯೊಳಗೆ ಯಾರಿಗೆ ಜಾಗ?

ಈಗ ಮುಖ್ಯ ವಿಷಯ. ಆ 1993ರ ಆಟದಲ್ಲಿ ದೇಶಗಳ ತಂಡಗಳಿದ್ದವು, ಆದರೆ ಆಟಗಾರರ ಹೆಸರೆಲ್ಲ ಕಟ್ಟುಕಥೆ. ನಿಜವಾದ ಹೆಸರು ಹಾಕಬೇಕಾದರೆ ಒಪ್ಪಂದ ಬೇಕು. ಆಟಗಾರರ ಸಂಘದ ಜೊತೆ ಒಪ್ಪಂದವಾಗಿ ನಿಜ ಹೆಸರು ಬಂದದ್ದು 'ಫಿಫಾ 96'ರಲ್ಲಿ.

ನಮ್ಮ ದೇಶದಲ್ಲಿ ಆಗ ಹೆಚ್ಚಾಗಿ ಸಿಗುತ್ತಿದ್ದುದು ನಿಂಟೆಂಡೊದ ಹಳೆಯ 8 ಬಿಟ್ ಯಂತ್ರದ ನಕಲು ಪೆಟ್ಟಿಗೆಗಳು. ಕಂಪನಿ ಈ ಆಟವನ್ನು ಆ ಯಂತ್ರಕ್ಕೆ ತರಲೇ ಇಲ್ಲ. ಅಂದರೆ ನಮ್ಮ ಪೆಟ್ಟಿಗೆಗೆ ಅವರ ಆಟ ಬರಲಿಲ್ಲ. ಅವರ ಪೆಟ್ಟಿಗೆಗೆ ನಮ್ಮ ಕ್ಲಬ್ಬುಗಳು ಹೋಗಲು 2021ರ 'ಫಿಫಾ 22' ಬರಬೇಕಾಯಿತು. ಅದರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವೂ, ಅದರ ಸುನಿಲ್ ಚೆಟ್ರಿಯೂ ಆಟದೊಳಗೆ ಬಂದರು. ಎಲೆಕ್ಟ್ರಾನಿಕ್ ಆರ್ಟ್ಸ್ ಆಟಕ್ಕೆ ಫಿಫಾ ಹೆಸರಿದ್ದುದು 2022ರ 'ಫಿಫಾ 23'ರವರೆಗೆ ಮಾತ್ರ. 2023ರಿಂದ ಅದು 'ಇಎ ಸ್ಪೋರ್ಟ್ಸ್ ಎಫ್‌ಸಿ' ಆಯಿತು.

ಇನ್ನೊಂದು ಸಂಗತಿ ಗಮನಿಸಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ! ಆದರೆ ಫಿಫಾ ಆಟಗಳಲ್ಲಿ ಇರೋದು ದೇಶದ ತಂಡ ಮತ್ತು ಕ್ಲಬ್ಬು. ರಾಜ್ಯದ ತಂಡಕ್ಕೆ ಅಲ್ಲಿ ಜಾಗ ಇಲ್ಲ. ಮೊದಲು ಸ್ಲೇಟು ಸಣ್ಣದು ಅಂತ ಜಾಗ ಇರಲಿಲ್ಲ. ಈಗ ಸ್ಲೇಟು ಸಾವಿರಾರು ಪಟ್ಟು ದೊಡ್ಡದಾಗಿದೆ, ಜಾಗ ಕೊಡೋದು ಒಪ್ಪಂದ. ಆದ್ದರಿಂದ ಮೊಬೈಲಿನಲ್ಲಿ ಹೆಸರು ಕಾಣಲಿಲ್ಲ ಅಂದ ಮಾತ್ರಕ್ಕೆ ಒಬ್ಬರು ಒಳ್ಳೇ ಆಟಗಾರರಲ್ಲ ಅಂತ ತಿಳಿಯಬಾರದು.

ನೀವೂ ಮಾಡಿ ನೋಡಿ

ಲೆಕ್ಕದ ಚೌಕುಳಿ ಪುಸ್ತಕದಲ್ಲಿ 16 ಸಾಲು, 16 ಕಂಬದ ಜಾಗ ಗುರುತು ಮಾಡಿ. ಒಟ್ಟು 256 ಮನೆ. ಖಾಲಿ, ತಿಳಿ, ನಡು, ಗಾಢ, ಹೀಗೆ ಪೆನ್ಸಿಲ್ಲಿನ ನಾಲ್ಕೇ ಛಾಯೆಯಲ್ಲಿ ಮನೆ ತುಂಬಿ, ಚೆಂಡು ಒದೆಯುವ ಹುಡುಗಿಯನ್ನೋ ಹುಡುಗನನ್ನೋ ಬರೆಯಿರಿ. ನಾಲ್ಕು ಛಾಯೆಗೆ ಒಂದು ಮನೆಗೆ 2 ಬಿಟ್ ಬೇಕು. 256 × 2 = 512 ಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ 64 ಬೈಟ್. ಗೇಮ್ ಬಾಯ್‌ನಲ್ಲಿ ಅಷ್ಟು ದೊಡ್ಡ ಒಂದು ಚಿತ್ರಕ್ಕೆ ಬೇಕಾದ ಜಾಗ ಇಷ್ಟೇ. ಓಡುವ ಹಾಗೆ ಕಾಣಲು ಕಾಲು ಬದಲಿಸಿ ಇನ್ನೂ ಮೂರು ಚಿತ್ರ ಬರೆದು, ಒಂದರ ಮೇಲೊಂದು ಇಟ್ಟು ಸರಸರನೆ ತಿರುವಿ ನೋಡಿ.

ಕೆಳಗೆ ನಿಮ್ಮ ತಂಡದವರ ಹೆಸರೇ ಬರೆಯಿರಿ. ಅದಕ್ಕೆ ಯಾರ ಒಪ್ಪಂದವೂ ಬೇಕಾಗಿಲ್ಲ. ಒಳ್ಳೆಯ ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.