ಲ್ಯಾಚ್ ಬಾಗಿಲಿನ ಲೆಕ್ಕ

1897ರಲ್ಲಿ ಆರ್ದೇಶಿರ್ ಗೋದ್ರೇಜ್ ಮುಂಬಯಿಯಲ್ಲಿ ಬೀಗ ತಯಾರಿಸತೊಡಗಿದ್ದು ಕಳ್ಳರನ್ನು ಹೊರಗಿಡಲು. ಈಗಿನ ಲ್ಯಾಚು ಮನೆಯವರನ್ನೂ ಬಿಡುವುದಿಲ್ಲ.

ಡೊಂಬಿವಿಲಿಯ ನಮ್ಮ ಚಾಳಿನಲ್ಲಿ ಬಾಗಿಲು ಮುಚ್ಚುತ್ತಿದ್ದುದೇ ರಾತ್ರಿಗೆ. ಫ್ಲ್ಯಾಟಿಗೆ ಬಂದ ಮೇಲೆ ಒಮ್ಮೆ, ಊರಿನಿಂದ ಬಂದಿದ್ದ ಅತ್ತೆ ಹಾಲು ತೆಗೆದುಕೊಳ್ಳಲು ಹೊರಬಂದರು. ಗಾಳಿಗೆ ಬಾಗಿಲು ಬಡಿಯಿತು. ಒಲೆಯ ಮೇಲೆ ಗಂಜಿ, ನಾನು ಠಾಣೆಯ ಆಫೀಸಿನಲ್ಲಿ, ಅವರಿಗೆ ಮರಾಠಿ ಬಾರದು. ಅತ್ತೆಯ ಕೈಸನ್ನೆ ನೋಡಿಯೇ ಎದುರುಮನೆಯ ಕಾಕೂ ಚಾವಿವಾಲಾನನ್ನು ಕರೆಸಿದರು. ಲ್ಯಾಚು ಒಡೆಯಬೇಕಾಯಿತು. ತೆರೆದದ್ದಕ್ಕೆ 500 ರೂಪಾಯಿ, ಹೊಸ ಲ್ಯಾಚಿಗೆ 2,000ದ ಮೇಲೆ. ಪಾತ್ರೆ ಕರಕಲು, ಪುಣ್ಯಕ್ಕೆ ಅಷ್ಟೇ.

ಚಾವಿ ಕಳೆದರೆ ಇಡೀ ಬೀಗ ಬದಲಿಸಬೇಕೆಂದಿಲ್ಲ. ಹಲವು ಲ್ಯಾಚುಗಳಲ್ಲಿ ಸಿಲಿಂಡರ್ ಮಾತ್ರ ಬದಲಿಸಬಹುದು, ಕೇಳಿ ನೋಡಿ. ನವಿ ಮುಂಬಯಿಯ ಗೆಳತಿ ನಂಬರ್ ಒತ್ತುವ ಬೀಗ ಹಾಕಿಸಿದ್ದಾಳೆ. ಬ್ಯಾಟರಿ ಮುಗಿದರೆ? ಅದಕ್ಕೂ ಒಂದು ಚಾವಿ ಕೊಟ್ಟಿದ್ದಾರಂತೆ!