ಮಳೆಗಾಲದ ಮೀನೂ ನಮ್ಮ ಸಂಯಮವೂ

ಜೂನ್ ತಿಂಗಳು ಕಾಲಿಟ್ಟೊಡನೆ ನಮ್ಮ ಕರಾವಳಿಯ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ಸಾಲುಗಟ್ಟಿ ಲಂಗರು ಹಾಕುತ್ತವೆ. ಮೀನು ಮಾರುಕಟ್ಟೆಯ ಗದ್ದಲ ಇಳಿಯುತ್ತದೆ. ಬುಟ್ಟಿ ಹೊತ್ತು ಮನೆಬಾಗಿಲಿಗೆ ಬರುವ ಅಕ್ಕನ ಕೂಗೂ ಅಪರೂಪವಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ ಜೋಪಾನ ಮಾಡಿಟ್ಟ ಒಣಮೀನು, ಒಣ ಸಿಗಡಿಗಳು ಅಡುಗೆಮನೆಯ ಮೂಲೆಯಿಂದ ಹೊರಬರುತ್ತವೆ. ಸಿಕ್ಕ ನಾಲ್ಕು ಬಂಗುಡೆಗಳ ಬೆಲೆ ಕೇಳಿ ಗೊಣಗುವ ನಾವು, ಈ ಬಿಡುವು ಯಾರಿಗಾಗಿ ಎಂದು ಯೋಚಿಸುವುದು ಮಾತ್ರ ವಿರಳ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಇದರಿಂದ ವಿನಾಯಿತಿಯುಂಟು. ಉಗ್ರರೂಪ ತಾಳಿದ ಕಡಲಿನಿಂದ ಮೀನುಗಾರರ ಪ್ರಾಣ ಉಳಿಸುವುದು ಇದರ ಒಂದು ಉದ್ದೇಶವಾದರೆ, ಮೀನಿನ ಸಂತತಿಯನ್ನು ಕಾಪಾಡುವುದು ಇನ್ನೊಂದು.

ನಮ್ಮ ಬಡವರ ಬಟ್ಟಲಿನ ಬೂತಾಯಿಯನ್ನೇ ನೋಡೋಣ. ಇದರ ಆಯುಷ್ಯ ಹೆಚ್ಚೆಂದರೆ ಎರಡೂವರೆ ವರ್ಷ. ಮುಂಗಾರಿನ ಕಾಲದಲ್ಲಿ ಕಡಲಿನ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಮರಿಗಳಿಗೆ ಆಹಾರ ಸಮೃದ್ಧವಾಗಿರುವ ಈ ದಿನಗಳಲ್ಲಿಯೇ ಬೂತಾಯಿ ಮೊಟ್ಟೆಯಿಡುತ್ತದೆ. ನೀರಿನಲ್ಲಿ ತೇಲುವ ಆ ಮೊಟ್ಟೆಗಳು ಸುಮಾರು ಒಂದು ದಿನದಲ್ಲಿ ಒಡೆದು ಮರಿಗಳಾಗುತ್ತವೆ. ಆ ಮರಿಗಳು ಬೆಳೆದು ತಾವೂ ಮೊಟ್ಟೆಯಿಡುವ ಹಂತಕ್ಕೆ ಬರಲು ಹತ್ತಿರಹತ್ತಿರ ಒಂದು ವರ್ಷ ಬೇಕು. ಅಷ್ಟರೊಳಗೆ ಬಲೆಗೆ ಬಿದ್ದ ಮೀನು ಒಮ್ಮೆಯೂ ಸಂತಾನ ಕಾಣದೆ ಅಳಿದಂತೆಯೇ ಸರಿ.

ಬೂತಾಯಿಯ ಇಳುವರಿಯಲ್ಲಿ ಏರಿಳಿತ ಹೊಸದಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1943ರಷ್ಟು ಹಿಂದೆಯೇ, ಸಣ್ಣ ಬೂತಾಯಿ ಹಿಡಿಯುವುದಕ್ಕೆ ಸರಕಾರ ನಿರ್ಬಂಧ ಹೇರಿತ್ತು. ಕೆಲವೇ ವರ್ಷಗಳಲ್ಲಿ ಅದು ರದ್ದಾಯಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿಯ ಇಳುವರಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. ಆ ಬಳಿಕ ಮೀನು ಚೇತರಿಸಿಕೊಂಡಿತೆಂಬುದು ಸಮಾಧಾನದ ಸಂಗತಿ. ಕಡಲಿನ ಉಷ್ಣತೆ, ಮಳೆಯ ವ್ಯತ್ಯಾಸಗಳು ನಮ್ಮ ಕೈಯಲ್ಲಿಲ್ಲ. ಮರಿಗಳನ್ನು ಹಿಡಿಯದಿರುವುದು, ಕೊಳ್ಳದಿರುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಕೇರಳವು ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದವನ್ನು ಗೊತ್ತುಪಡಿಸಿದೆ. ಅದಕ್ಕಿಂತ ಸಣ್ಣದನ್ನು ಹಿಡಿಯುವಂತಿಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಕಡಲಿನ ಈ ಬಿಡುವಿನ ಭಾರ ಹೊರುವವರು ಮೀನುಗಾರರು. ಎರಡು ತಿಂಗಳು ದುಡಿಮೆಯಿಲ್ಲದ ಮನೆಯಲ್ಲಿ ಮಕ್ಕಳ ಶಾಲಾ ಖರ್ಚು, ದೋಣಿಯ ಸಾಲದ ಕಂತು ಎರಡೂ ಒಟ್ಟಿಗೇ ಬಂದು ನಿಲ್ಲುತ್ತವೆ. ಮೀನುಗಾರ ಕೂಡಿಟ್ಟ ಹಣಕ್ಕೆ ಸರಕಾರಗಳೂ ಪಾಲು ಸೇರಿಸಿ ಮರಳಿಸುವ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ಆದರೂ ಆ ಮನೆಗಳ ಮಳೆಗಾಲ ಸುಲಭದ್ದಲ್ಲ. ಅವರು ಇಷ್ಟು ಕಷ್ಟಪಟ್ಟು ಉಳಿಸಿದ ಮೀನನ್ನು ನಾವು ಮರಿಯಿರುವಾಗಲೇ ಕೇಳಿ ಕೊಂಡರೆ ಅವರ ತ್ಯಾಗಕ್ಕೆ ಬೆಲೆಯೆಲ್ಲಿ?

ಕಡಲಿನ ಮೀನಿಗೆ ಇಷ್ಟಾದರೂ ರಕ್ಷಣೆಯುಂಟು. ಹೊಳೆ, ತೋಡು, ಗದ್ದೆಗಳ ಸಿಹಿನೀರಿನ ಮೀನಿಗೆ?

ಅವುಗಳಲ್ಲಿ ಹಲವು ಸಂತಾನಕ್ಕಾಗಿ ಕಾಯುವುದೂ ಇದೇ ಮಳೆಯನ್ನು. ಮೊದಲ ನೆರೆಯ ನೀರು ಹರಿದೊಡನೆ ಮುಗುಡು ಮತ್ತು ಬಗೆಬಗೆಯ ಪುಟ್ಟ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಪ್ರವಾಹಕ್ಕೆದುರಾಗಿ ಏರುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎಂದರೆ, ತುಳುನಾಡಿನವರಿಗೆ ಇದು ಉಬರ್. ಬಾಲ್ಯದಲ್ಲಿ ನಾವೂ ಹಿರಿಯರ ಬೆನ್ನಹಿಂದೆ ದೀಪ ಹಿಡಿದು, ಕತ್ತಿ ಝಳಪಿಸುತ್ತ, ರಾತ್ರಿಯೆಲ್ಲ ಗದ್ದೆಯ ಬದುಗಳಲ್ಲಿ ಅಲೆದವರೇ. ಮರುದಿನ ಅಮ್ಮ ಮೀನು ಸೀಳಿದಾಗ ಪ್ರತಿಯೊಂದರ ಹೊಟ್ಟೆಯಲ್ಲಿಯೂ ಮೊಟ್ಟೆಯ ಗೊಂಚಲು. ಅದನ್ನು ಹುರಿದು ರುಚಿಯಾಗಿ ತಿಂದೆವು. ತಾಯಿಮೀನನ್ನು ಹೆರಿಗೆಯ ದಾರಿಯಲ್ಲಿಯೇ ತಡೆದು ಕಡಿದೆವೆಂಬ ಅರಿವು ಅಂದು ನಮಗೆ ಬರಲಿಲ್ಲ.

ಅಂದು ಹೊಳೆ ತುಂಬಿ ಹರಿಯುತ್ತಿತ್ತು, ಗದ್ದೆಗಳಿದ್ದವು, ಮೀನೂ ಯಥೇಚ್ಛವಾಗಿತ್ತು. ಇಂದು ಗದ್ದೆಗಳು ಮನೆ ನಿವೇಶನಗಳಾಗಿವೆ, ತೋಡುಗಳಿಗೆ ಕಾಂಕ್ರೀಟಿನ ಗೋಡೆಯೆದ್ದಿದೆ, ಅಣೆಕಟ್ಟುಗಳು ದಾರಿಗಡ್ಡವಾಗಿವೆ. ಇಷ್ಟು ಸಾಲದೆಂಬಂತೆ ಕೆಲವೆಡೆ ತೋಟೆ ಸಿಡಿಸಿ, ವಿಷ ಬೆರೆಸಿ, ವಿದ್ಯುತ್ ಹಾಯಿಸಿ ಮೀನು ಹಿಡಿಯುತ್ತಾರೆ. ಸ್ಫೋಟಕ ಮತ್ತು ವಿಷದ ಬಳಕೆಯು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯಲ್ಲಿಯೇ ಅಪರಾಧವೆಂದು ಸಾರಲ್ಪಟ್ಟಿದೆ. ಬಲೆಯು ದೊಡ್ಡದನ್ನು ಹಿಡಿದು ಸಣ್ಣದನ್ನಾದರೂ ಬಿಟ್ಟೀತು. ವಿಷಕ್ಕೆ ಆ ವಿವೇಚನೆಯಿಲ್ಲ.

2011ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ವರದಿಯು ಪಶ್ಚಿಮಘಟ್ಟಗಳ 290 ಬಗೆಯ ಸಿಹಿನೀರಿನ ಮೀನುಗಳನ್ನು ಪರಿಶೀಲಿಸಿತು. ಇವುಗಳಲ್ಲಿ ಮೂರನೆಯ ಎರಡು ಪಾಲಿನಷ್ಟು ಜಗತ್ತಿನ ಬೇರಾವ ನೀರಿನಲ್ಲಿಯೂ ಇಲ್ಲ. ಕಾವೇರಿಯ ದೈತ್ಯ ಮಹಶೀರ್ ಮೀನು 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇಲ್ಲಿ ಕಳೆದುಕೊಂಡರೆ ಬೇರೆಡೆಯಿಂದ ತಂದು ಬಿಡುವಂತಿಲ್ಲ.

ಮೀನುಗಳನ್ನು ಉಳಿಸಿಕೊಂಡವರ ನಿದರ್ಶನವೂ ನಮ್ಮ ನಡುವೆಯೇ ಇದೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ, ದೇವಾಲಯದ ಮುಂದಣ ಮಡುಗಳ ಮೀನನ್ನು ಯಾರೂ ಹಿಡಿಯರು. ತಲೆಮಾರುಗಳಿಂದ ನಡೆದುಬಂದ ಭಕ್ತಿಯೇ ಅಲ್ಲಿ ಕಾವಲು. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ನೀರಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದಾಗ ಊರವರು ಮರುಗಿದರು. ಸತ್ತ ಮೀನುಗಳಿಗಾಗಿ ಸ್ಮಾರಕವನ್ನೇ ನಿಲ್ಲಿಸಿದರು. ಮಡುವಿನಲ್ಲಿ ಇಂದು ಮತ್ತೆ ಮೀನುಗಳಿವೆ. ಬೇರೆ ಧರ್ಮದ ನೆರೆಯವರಿಂದ ನಾವು ಕಲಿಯಬಹುದಾದ ಪಾಠವಿದು.

ತಪಸ್ಸುಕಾಲದ ಶುಕ್ರವಾರಗಳಂದು ನಾವು ಮಾಂಸವನ್ನು ತ್ಯಜಿಸಿ ಮೀನಿನತ್ತ ತಿರುಗುವವರು. ಬಟ್ಟಲಿನಲ್ಲಿ ಮಾಂಸದ ಜಾಗಕ್ಕೆ ಅಂಜಲ್ ಬಂದರೆ ಅದು ತ್ಯಾಗವೇ ಎಂದು ಹಿರಿಯರು ನಗುತ್ತಿದ್ದುದುಂಟು. ದೊರೆಯುವುದನ್ನೆಲ್ಲ ಬಾಚದೆ ಕೈ ಹಿಂದೆಗೆಯುವುದೇ ವ್ರತದ ತಿರುಳಾದರೆ, ಅದಕ್ಕೆ ಮಳೆಗಾಲಕ್ಕಿಂತ ತಕ್ಕ ಸಮಯವಿಲ್ಲ. ಬೆರಳುದ್ದದ ಬೂತಾಯಿಯನ್ನು ಅಗ್ಗವೆಂದು ಕೊಳ್ಳದಿರೋಣ. ಮೊದಲ ಮಳೆಗೆ ಗದ್ದೆಯೇರುವ ಮೀನನ್ನು ಅದರ ಪಾಡಿಗೆ ಬಿಡೋಣ. ತೋಡಿಗೆ ವಿಷವೆರೆಯುವ ನೆಂಟನನ್ನು ನಾಚಿಕೆಯಿಲ್ಲದೆ ತಡೆಯೋಣ.

ಈ ವರ್ಷದ ಮಳೆಗೆ ಮಕ್ಕಳು ದೀಪ ಹಿಡಿದು ಗದ್ದೆಗೆ ಹೋಗಲಿ, ಕತ್ತಿ ಮಾತ್ರ ಮನೆಯಲ್ಲಿರಲಿ. ಏರುವ ಮೀನನ್ನು ಅವರು ಕಣ್ತುಂಬ ನೋಡಿ ಬರಲಿ.